ಕೊಂಡಿ ಕಾಣದ ಹಾಗೆ

ಟಕ್.

ರಾತ್ರಿ ಎರಡರ ಮೇಲಾಗಿತ್ತು. ವರದಾ ಹಾಸಿಗೆಯಲ್ಲೇ ಕಣ್ಣು ತೆರೆದಳು. ಬದಿಯ ಖೋಲಿಯಲ್ಲಿ ಟೇಪು ಹಿಂದಕ್ಕೆ ಓಡುವ ಸಣ್ಣ ಸದ್ದು, ಬಾಟಲಿಯೊಳಗೆ ಸಿಕ್ಕ ಜೀರುಂಡೆಯಂತೆ. ಮತ್ತೆ ಟಕ್. ಆಮೇಲೆ ತೀರ ತಗ್ಗಿದ ದನಿಯಲ್ಲಿ ಒಂದು ಹುಡುಗಿಯ ಮಾತು. ಮತ್ತೆ ಟಕ್.

ಎಲ್ವೀರಾ ಯಾವ ಜಾಗವನ್ನು ತಿರುತಿರುಗಿ ಹಾಕುತ್ತಿದ್ದಾಳೆ ಎನ್ನುವುದು ವರದಾಗೆ ನೋಡದೆಯೂ ಗೊತ್ತಾಯಿತು. ಸಂಜೆ ತಾನು ಸುಳ್ಳು ಹೇಳಿದ ಜಾಗ ಅದು.

ಸುಳ್ಳು ಹೇಳಿ ರೂಢಿಯಿದ್ದವಳಲ್ಲ ಅವಳು. ಬಾದಾಮಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದ ಅವಳ ಅಪ್ಪ ಪಂಢರೀನಾಥರು, ಮಾತು ಆಡಿದರೆ ಹೋಯಿತು ಎಂದು ದಿನಕ್ಕೊಮ್ಮೆಯಾದರೂ ಹೇಳಿ ಬೆಳೆಸಿದ್ದರು. ಹುನಗುಂದದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ, ಇಳಕಲ್ಲಿನಲ್ಲಿ ಮಾಳಿಗೆಯ ಮೇಲೆ ಎರಡು ಖೋಲಿಯ ಬಾಡಿಗೆ ಮನೆ ಹಿಡಿದು ಒಬ್ಬಳೇ ಇದ್ದಳು. ಅವಳ ಹತ್ತಿರ ಈ ಇಟಲಿಯ ಎಲ್ವೀರಾಳನ್ನು ಕಳಿಸಿಕೊಟ್ಟವರು ಕಾಲೇಜಿನ ಪ್ರಿನ್ಸಿಪಾಲರು. “ದುಭಾಷಿ ಕೆಲಸಕ್ಕ ನೀವ ಸರಿ ನೋಡ್ರಿ ವರದಾ ಮೇಡಮ್. ಒಂದ ಮಾತಿಗೆ ಮೂರು ಸಲ ತಕ್ಕಡಿ ಹಿಡೀತೀರಿ,” ಎಂದಿದ್ದರು. ಅದು ಹೊಗಳಿಕೆಯೋ ಚುಚ್ಚುಮಾತೋ ಎಂದು ಅವಳು ಬಸ್ಸಿನಲ್ಲಿ ಮನೆ ಮುಟ್ಟುವತನಕ ಯೋಚಿಸಿದ್ದಳು.

ಎಲ್ವೀರಾಗೆ ಅರವತ್ಮೂರು ವರ್ಷ. ರೋಮ್ ನಗರದಲ್ಲಿ ಸಿನಿಮಾ ಸಂಕಲನ ಮಾಡುವವಳು. ಚಿತ್ರ ತೆಗೆಯುವವರು ಬೇರೆ, ತೆಗೆದು ತಂದದ್ದನ್ನು ಕತ್ತರಿಸಿ ಜೋಡಿಸುವವರು ಬೇರೆ, ಇವಳು ಎರಡನೆಯವಳು. ಮೂರು ವರ್ಷದ ಹಿಂದೆ, ತೊಂಬತ್ತೆಂಟರ ಚಳಿಗಾಲದಲ್ಲಿ, ಸಾಂದ್ರೋ ಎಂಬ ನಿರ್ದೇಶಕ ಇಬ್ಬರು ಜೊತೆಗಾರರೊಡನೆ ಇಳಕಲ್ಲಿಗೆ ಬಂದು, ಅಮೀನಪ್ಪನೆಂಬ ನೇಕಾರನ ಮನೆಯಲ್ಲಿ ಹನ್ನೆರಡು ದಿನ ಚಿತ್ರ ತೆಗೆದುಕೊಂಡು ಹೋಗಿದ್ದ. ಹೋದವನು ಅದನ್ನು ಜೋಡಿಸುವ ಮೊದಲೇ ತೀರಿಕೊಂಡ. ಹತ್ತೊಂಬತ್ತು ಟೇಪು ಕಪಾಟಿನಲ್ಲಿ ಉಳಿದವು. ಅದರೊಳಗಿನ ಜನ ಏನು ಮಾತಾಡುತ್ತಾರೆಂಬುದು ರೋಮಿನಲ್ಲಿ ಒಬ್ಬರಿಗೂ ತಿಳಿಯದು. ಹಾಗಾಗಿ ಅವಳೇ ಪ್ರತಿಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದಿದ್ದಳು. ಊರಿನ ಲಾಡ್ಜಿನಲ್ಲಿ ಸೊಳ್ಳೆ ಮತ್ತು ಕರೆಂಟು ಎರಡೂ ಅವಳ ಮಾತು ಕೇಳಲಿಲ್ಲ. ಮೂರನೆಯ ದಿನ ವರದಾ ಅವಳನ್ನು ತನ್ನ ಮನೆಗೇ ಕರೆತಂದಳು.

ಮೊದಲ ದಿನವೇ ಇಬ್ಬರೂ ಅಮೀನಪ್ಪನ ಮನೆಗೆ ಹೋಗಿದ್ದರು. ಪಡಸಾಲೆಯಲ್ಲಿ ತಗ್ಗಿನೊಳಗೆ ಕಾಲಿಳಿಬಿಟ್ಟು ನೇಯುವ ಎರಡು ಕುಣಿಮಗ್ಗ, ಒಂದರಲ್ಲಿ ಅವನು, ಇನ್ನೊಂದರಲ್ಲಿ ಹೆಂಡತಿ ಶಿವಲಿಂಗವ್ವ. ಆ ಸಪ್ಪಳದಲ್ಲಿ ವರದಾಗೆ ತನ್ನ ದನಿ ತನಗೇ ಕೇಳಲಿಲ್ಲ. ಒದರಿ ಒದರಿ ಗಂಟಲು ಒಣಗಿತು. ಶಿವಲಿಂಗವ್ವ ಮಾತ್ರ ಮಗ್ಗ ನಿಲ್ಲಿಸದೆ, “ಯಾಕ ಒದರ್ತೀರಿ ಅಕ್ಕೋರ, ಸಾವಕಾಶ ಹೇಳ್ರಿ, ತಿಳೀತೈತಿ,” ಎಂದಳು. ಎಂಥ ಚುರುಕು ಕಿವಿ ಎಂದುಕೊಂಡಳು ವರದಾ.

ಬಂದ ಕಾರಣ ತಿಳಿದೊಡನೆ ಶಿವಲಿಂಗವ್ವನ ಕೈ ತಾನಾಗಿ ನಿಂತಿತು.

“ಅದರಾಗ ನಮ್ಮ ಚಂದವ್ವ ಅದಾಳೇನ್ರಿ?”

ಚಂದವ್ವ ಅವರ ಒಬ್ಬಳೇ ಮಗಳು. ಚಿತ್ರದವರು ಊರು ಬಿಟ್ಟು ಇಪ್ಪತ್ತು ದಿನಕ್ಕೆ ಸತ್ತಿದ್ದಳು, ಹತ್ತೊಂಬತ್ತು ವರ್ಷಕ್ಕೆ. ಎದೆಯ ಬೇನೆ. ಬಾಗಲಕೋಟೆಯ ದವಾಖಾನೆಗೆ ಒಯ್ಯುವಷ್ಟರಲ್ಲಿ ತುಟಿ ನೀಲಿಗಟ್ಟಿದ್ದವು. ಡಾಕ್ಟರು ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಬೈದರಂತೆ. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ. ಏಳನೆಯ ತರಗತಿಯ ಗುಂಪಿನ ಚಿತ್ರವೊಂದರಲ್ಲಿ ಮಾತ್ರ ಹಿಂದಿನ ಸಾಲಿನಲ್ಲಿ ನಿಂತಿದ್ದಳು, ಅರ್ಧ ಮುಖ ಮುಂದಿನವಳ ರಿಬ್ಬನ್ನಿನ ಹಿಂದೆ.

“ಒಂದ ಮಾತು ಹೇಳಿದ್ದರ ಹೊತ್ಕೊಂಡು ಓಡತಿದ್ವಿ,” ಎಂದಳು ಶಿವಲಿಂಗವ್ವ. “ನಮ್ಮ ಹುಡುಗಿ ಬಾಯಿ ಬಿಡಲಿಲ್ರಿ ಅಕ್ಕೋರ. ಹಲ್ಲ ಕಚಗೊಂಡು ಕುಂತ್ಲು. ಅದಕ್ಕ ನಾ ದೇವರ ಮ್ಯಾಲ ಸಿಟ್ಟ ಮಾಡಾಂಗಿಲ್ಲ, ನಮ್ಮ ಮನಿಯವರ ಮ್ಯಾಲ ಸಿಟ್ಟ ಮಾಡಾಂಗಿಲ್ಲ. ಆಕಿ ಮ್ಯಾಲ ಸಿಟ್ಟ. ಅವ್ವಗ ಹೇಳದಿದ್ರ ಹೋಗ್ಲಿ, ಅಪ್ಪಗರ ಹೇಳಬೇಕಿತ್ತಿಲ್ಲೋ?”

“ಹೌದ್ರಿ, ಹೇಳಲಿಲ್ಲ,” ಎಂದ ಅಮೀನಪ್ಪ, ನೇಯ್ಗೆಯಿಂದ ತಲೆ ಎತ್ತದೆ. ಅವನ ಲಾಳಿ ಒಮ್ಮೆಯೂ ತಪ್ಪಲಿಲ್ಲ.

“ನಮಗೊಂದು ಪ್ರತಿ ಮಾಡಿಕೊಡಾಕ ಹೇಳ್ರಿ. ಆಕಿ ದನಿ ನನಗ ಮರತ ಹೋಗೇತಿ. ಕನಸಿನ್ಯಾಗ ಬರ್ತಾಳ, ಮಾತಾಡಾಂಗಿಲ್ಲ.”

ಎಲ್ವೀರಾ ಆಗಲಿ ಎಂದಳು.

ಅಂದಿನಿಂದ ಹನ್ನೊಂದು ದಿನ ಟೇಪು ನೋಡಿದ್ದರು. ಎಲ್ವೀರಾ ನಿಲ್ಲಿಸುವಳು, ವರದಾ ಕೇಳಿ ಹೇಳುವಳು, ಅವಳು ಹೊತ್ತಿನ ಅಂಕಿಯೊಡನೆ ನೋಟುಬುಕ್ಕಿನಲ್ಲಿ ಬರೆದುಕೊಳ್ಳುವಳು. ಕರೆಂಟು ಹೋದಾಗ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ತನ್ನ ಕೆಲಸದ ಕಥೆ ಹೇಳುತ್ತಿದ್ದಳು. ಅವಳ ಇಂಗ್ಲಿಷು ತುಂಡು ತುಂಡು; ಒಂದೊಂದು ವಾಕ್ಯವನ್ನೂ ಕತ್ತರಿಸಿ ಇಟ್ಟ ಹಾಗೆ.

ಸೂಜಿ ಹಿಡಿದು ಹೊಟ್ಟೆ ಹೊರೆಯುತ್ತಿದ್ದ ತಾಯಿಯ ಮಗಳು. ಹದಿನಾರು ವರ್ಷದವಳಿದ್ದಾಗ ಸ್ಟುಡಿಯೋ ಒಂದರ ನೆಲಮಾಳಿಗೆಗೆ ಸೇರಿದಳು. ಕತ್ತರಿಸಿದ ಫಿಲ್ಮಿನ ಪಟ್ಟಿಗಳನ್ನು ಮೊಳೆಗೆ ತೂಗುಹಾಕುವುದು, ಕೇಳಿದ್ದನ್ನು ಹುಡುಕಿ ಕೊಡುವುದು, ಅಷ್ಟೇ ಕೆಲಸ. ಆರು ವರ್ಷದ ಮೇಲೆ ಕೈಗೆ ಕತ್ತರಿ ಬಂತು. ಅಂದಿನಿಂದ ನಾಲ್ವತ್ತು ವರ್ಷ ಬೇರೆಯವರು ಕಂಡದ್ದನ್ನು ಜೋಡಿಸಿದಳು. ಅಂಟಿನ ವಾಸನೆಗೆ ತಲೆನೋವು ಬರುತ್ತಿತ್ತು. ಈಗ ಕಂಪ್ಯೂಟರು ಬಂದು ಅಂಟು ಹೋಗಿದೆ, ತಲೆನೋವು ಹೋಗಿಲ್ಲ.

“ನನ್ನ ಹೆಸರು ಕೊನೆಗೆ ಬರುತ್ತದೆ,” ಎಂದು ನಕ್ಕಳು. “ಜನ ಎದ್ದು ಕೋಟು ಹುಡುಕುವಾಗ. ನಮ್ಮ ಕೆಲಸವೇ ಹಾಗೆ. ಜೋಡಣೆ ಕಂಡರೆ ಕೆಲಸ ಕೆಟ್ಟಿತು ಎಂದರ್ಥ. ಚಿತ್ರ ತೆಗೆದ ಊರನ್ನು ನಾನು ಕಣ್ಣಾರೆ ನೋಡುತ್ತಿರುವುದು ಇದೇ ಮೊದಲು.”

ಇಳಕಲ್ ಸೀರೆಯ ಕೊಂಡಿ ಹಾಕುವುದನ್ನು ನೋಡಿ ಅವಳು ಮಗುವಿನಂತೆ ಹಿಗ್ಗಿದ್ದಳು. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆ ಹಿಡಿದು, ಒಂದರ ಕುಣಿಕೆಯೊಳಗೆ ಒಂದನ್ನು ತೂರಿಸಿ ಕೂಡಿಸಬೇಕು, ಸಾವಿರಾರು ಎಳೆ. ಮುಗಿದ ಮೇಲೆ ಎಲ್ಲಿ ಕೂಡಿತೆಂದು ಉಟ್ಟವಳಿಗೂ ತಿಳಿಯಬಾರದು. “ಇದು ನಾನೇ,” ಎಂದಿದ್ದಳು ಎಲ್ವೀರಾ, ಟಿವಿಯ ಗಾಜಿಗೆ ಬೆರಳಿಟ್ಟು.

ಹದಿನಾರನೆಯ ಟೇಪಿನಲ್ಲಿ ಆ ಚಿತ್ರ ಬಂತು. ಉಳಿದೆಲ್ಲ ಕಡೆ ಚಂದವ್ವ ಒಂದು ಬೆನ್ನು, ಒಂದು ಜಡೆ, ದಾಟಿಹೋಗುವ ಒಂದು ಸೆರಗು. ಇಲ್ಲಿ ಮಾತ್ರ ಮುಖ ಪರದೆಯ ತುಂಬ ಇತ್ತು, ನಲವತ್ತು ಕ್ಷಣ. ಕೊಂಡಿ ಹಾಕುತ್ತಿದ್ದಳು. ಚಿತ್ರದವರ ಸಲುವಾಗಿ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ಅವಳು ಕಣ್ಣೆತ್ತದೆ ಅಂದಳು:

“ಅಪ್ಪಾ, ಎದಿ ಹಿಡದಂಗ ಆಗೇತಿ.”

ಸ್ವಲ್ಪ ತಡೆದು: “ಅಪ್ಪಾ. ಉಸರ ಸಾಲವಲ್ದು.”

ಚಿತ್ರದ ಹೊರಗಿನಿಂದ ಅಮೀನಪ್ಪನ ದನಿ, ನಾಚಿಕೊಂಡು, ತಗ್ಗಿಸಿ: “ತಡಿ ಯವ್ವಾ. ಸಾಹೇಬ್ರು ಅಷ್ಟ ದೂರದಿಂದ ಬಂದಾರ. ಇದೊಂದು ಕೊಂಡಿ ಮುಗಿಸಿ ಏಳವಂತಿ. ಅವ್ವಗ ಹೇಳಬ್ಯಾಡ, ಗದ್ಲಾ ಮಾಡ್ತಾಳ.”

“ಆತಪಾ,” ಎಂದಳು ಹುಡುಗಿ. ಮೊಣಕೈಯಿಂದ ಹಣೆ ಒರೆಸಿಕೊಂಡು, ಕ್ಯಾಮೆರಾದ ಕಡೆ ನೋಡಿ ನಕ್ಕಳು.

ಎಲ್ವೀರಾ ಟೇಪು ನಿಲ್ಲಿಸಿ ಪೆನ್ನು ಹಿಡಿದು ಕಾದಳು. ವರದಾ ಪರದೆಯಿಂದ ಕಣ್ಣು ತೆಗೆದಳು. “ಕತ್ತರಿ ಕೇಳುತ್ತಿದ್ದಾಳೆ,” ಎಂದಳು. “ಅಪ್ಪ ಕೊಡುತ್ತೇನೆ ತಡಿ ಎನ್ನುತ್ತಾನೆ.” ಎಲ್ವೀರಾ ಬರೆದುಕೊಂಡಳು.

ಈಗ ರಾತ್ರಿ ಎರಡರ ಮೇಲೆ, ಟಕ್.

ವರದಾ ಎದ್ದು ಬಾಗಿಲಲ್ಲಿ ನಿಂತಳು. ಎಲ್ವೀರಾ ತಿರುಗಿ ನೋಡಲಿಲ್ಲ.

“ನನಗೆ ಗೊತ್ತಿಲ್ಲದ ಒಂಬತ್ತು ಭಾಷೆಯ ಸಿನಿಮಾ ಜೋಡಿಸಿದ್ದೇನೆ. ಕತ್ತರಿಯನ್ನು ಯಾರೂ ಈ ದನಿಯಲ್ಲಿ ಕೇಳುವುದಿಲ್ಲ.”

ವರದಾ ನೆಲದ ಮೇಲೆ ಕುಳಿತು, ಒಂದು ಶಬ್ದವನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಎಲ್ವೀರಾ ಪರದೆಯ ಮೇಲೆ ನಿಂತುಹೋದ ನಗುವನ್ನು ನೋಡಿದಳು.

“ಅವನಿಗೆ ನೆನಪಿದೆಯೇ?”

ತಲೆ ಎತ್ತದೆ, ಲಾಳಿ ತಪ್ಪದೆ ‘ಹೇಳಲಿಲ್ಲ’ ಎಂದ ಅಮೀನಪ್ಪನ ಬಾಗಿದ ಬೆನ್ನು ವರದಾಗೆ ಕಂಡಿತು. “ಇದೆ,” ಎಂದಳು. “ಇದನ್ನು ಕೇಳಿದರೆ ಆ ತಾಯಿ ಅವನ ಜೊತೆ ಒಂದು ದಿನವೂ ಬಾಳಲಾರಳು. ಇಬ್ಬರಿಗೂ ಬೇರೆ ಯಾರೂ ಇಲ್ಲ. ಈ ತುಂಡನ್ನೇ ತೆಗೆದುಬಿಡಿ.”

“ತೆಗೆದರೆ ಅವಳಿಗೆ ಏನು ಉಳಿಯಿತು? ಒಂದು ಜಡೆ.”

ಆಗ ಎಲ್ವೀರಾ, ಕೇಳದಿದ್ದರೂ, ಒಂದು ಹಳೆಯ ಮಾತು ತೆಗೆದಳು. ಅರವತ್ತಾರನೆಯ ಇಸವಿ. ಬೆಂಕಿ ಬಿದ್ದ ಒಂದು ಕಾರ್ಖಾನೆಯ ಮೇಲಿನ ಚಿತ್ರ. ಸತ್ತವನ ಹೆಂಡತಿ, ಬಾಗಿಲಿಗೆ ಕೀಲಿ ಹಾಕಿದ್ದರು ಎಂದು ಕ್ಯಾಮೆರಾದ ಮುಂದೆ ಹೇಳಿದ್ದಳು. ದುಡ್ಡು ಹಾಕಿದವನು ಅದು ಬೇಡವೆಂದ. ಎಲ್ವೀರಾ ಆ ಮಾತನ್ನು ಯಂತ್ರದ ಸದ್ದಿನ ಕೆಳಗೆ ಹೂತಳು. ಜೋಡಣೆ ಎಷ್ಟು ನಯವಾಗಿತ್ತೆಂದರೆ, ಅದರಿಂದಲೇ ಅವಳಿಗೆ ಹೆಸರು ಬಂತು. ಆಮೇಲಿನ ಕೆಲಸವೆಲ್ಲ ಅದರ ಮೇಲೆಯೇ ಸಿಕ್ಕಿತು.

“ಅಂದು ಒಬ್ಬ ಶ್ರೀಮಂತನಿಗಾಗಿ ಮಾಡಿದೆ. ಇಂದು ಒಬ್ಬ ತಾಯಿಗಾಗಿ,” ಎಂದು ತನ್ನ ಎರಡೂ ಕೈ ನೋಡಿಕೊಂಡಳು. “ಕೈಗೆ ಫರಕು ಗೊತ್ತಾಗುವುದಿಲ್ಲ.”

ಮುಖ ಉಳಿಸಿ ಮಾತು ಅಳಿಸುವಂಥ ಯಂತ್ರ ಇಳಕಲ್ಲಿನಲ್ಲಿರಲಿಲ್ಲ. ಎರಡು ದಿನ ಬಿಟ್ಟು ಇಬ್ಬರೂ ಬಾಗಲಕೋಟೆಗೆ ಹೋದರು. ಮದುವೆಯ ಕ್ಯಾಸೆಟ್ಟು ಮಾಡಿಕೊಡುವ ಅಂಗಡಿ. ಮಾಲೀಕ ದೀಪಕ ಎಂಬ ತರುಣ. ಸತ್ತ ಮಗಳ ಚಿತ್ರವೆಂದು ಕೇಳಿ ಅವನು ಮನಃಪೂರ್ವಕ ಮರುಗಿದ.

“ಸುತ್ತಲೂ ಗುಲಾಬಿ ಹೂ ಬಿಡೋಣೇನ್ರಿ ಮೇಡಮ್? ಹಾರ್ಟಿನೊಳಗ ಮುಖ ಬರೂ ಹಂಗೂ ಮಾಡಬಹುದು. ಮ್ಯಾಲೊಂದು ದುಃಖದ ಹಾಡು ಹಾಕಿದ್ರ ಕಲ್ಲೂ ಕರಗತದ.”

ವರದಾ ಅದನ್ನು ಇಂಗ್ಲಿಷಿಗೆ ತಂದಳು. ಎಲ್ವೀರಾ ಅಷ್ಟು ದಿನದಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು ಅವನ ಕುರ್ಚಿಯಲ್ಲಿ ಕುಳಿತಳು.

ಹತ್ತೊಂಬತ್ತು ಟೇಪಿನೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಚಂದವ್ವ ಒಳಮನೆಯಿಂದ ಕೂಗಿದ್ದಳು: “ಯವ್ವಾ, ಹಾಲ ಉಕ್ಕತೈತಿ ನೋಡು!” ಮೂರು ಕ್ಷಣದ ಮಾತು. ಅದನ್ನು ಎಲ್ವೀರಾ ಹೆಕ್ಕಿ ತಂದು ಮೊದಲಿಗೇ ಇಟ್ಟಳು. ಆಮೇಲೆ ಮುಖದ ಚಿತ್ರ. ಅದರಡಿಯ ಮಾತನ್ನು ಅಳಿಸಿ, ಬೇರೊಂದು ಟೇಪಿನಿಂದ ಮಗ್ಗದ ಸದ್ದು ತಂದು ಹಾಸಿದಳು. ಒಮ್ಮೆಲೇ ಅಲ್ಲ; ಮೊದಲು ದೂರದಲ್ಲೊಂದು ಲಾಳಿ, ಆಮೇಲೆ ಹತ್ತಿರ, ಆಮೇಲೆ ಪಡಸಾಲೆಯ ತುಂಬ ಮಗ್ಗದ ಆರ್ಭಟ. ಹುಡುಗಿಯ ಬಾಯಿ ಆಡುತ್ತಿತ್ತು. ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಯಾವ ನೇಕಾರರ ಮನೆಯಲ್ಲಾದರೂ ಹೀಗೇ ಅಲ್ಲವೇ, ಎನಿಸಿತು ವರದಾಗೆ. ಅಂಚು ಎಲ್ಲೂ ಎದ್ದಿರಲಿಲ್ಲ. ದೀಪಕ ಮೂರು ಸಲ ಹಾಕಿ ನೋಡಿ, “ಇವ್ರು ಎಲ್ಲಿ ಕಲ್ತಾರ್ರಿ?” ಎಂದು ಕೇಳಿದ.

ನೆರೆಮನೆಯ ಹನಮವ್ವ ತನ್ನ ಟಿವಿಯನ್ನು ಹೊತ್ತು ತಂದು ಅಮೀನಪ್ಪನ ಪಡಸಾಲೆಯಲ್ಲಿಟ್ಟಳು. ಮಗ್ಗ ನಿಂತಿದ್ದವು. ಶಿವಲಿಂಗವ್ವ ತಲೆಗೆ ನೀರು ಹಾಕಿಕೊಂಡು, ಮಡಿಸಿಟ್ಟ ಸೀರೆ ಉಟ್ಟು, ಟಿವಿಗೆ ಒಂದು ಮೊಳ ದೂರದಲ್ಲಿ ಕುಳಿತಳು. ಅಮೀನಪ್ಪ ಹೊಸ್ತಿಲ ಹತ್ತಿರ ನಿಂತಿದ್ದ, ಅರ್ಧ ಒಳಗೆ, ಅರ್ಧ ಓಣಿಯಲ್ಲಿ.

“ಯವ್ವಾ, ಹಾಲ ಉಕ್ಕತೈತಿ ನೋಡು!”

ಶಿವಲಿಂಗವ್ವ ಥಟ್ಟನೆ ಎದ್ದು ಒಲೆಯ ಕಡೆ ಎರಡು ಹೆಜ್ಜೆ ಹಾಕಿಬಿಟ್ಟಳು. ಅಷ್ಟರಲ್ಲಿ ನೆನಪಾಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಮತ್ತೆ ಬಂದು ಕುಳಿತಳು. ಹನಮವ್ವ ಅಳತೊಡಗಿದಳು. “ಅಳಬ್ಯಾಡಲೇ, ಕೇಳವಲ್ದು,” ಎಂದು ಶಿವಲಿಂಗವ್ವ ಅವಳನ್ನು ಗದರಿದಳು.

ಮುಖ ಬಂತು. ಮಗ್ಗದ ಸದ್ದು ಏರಿತು. ವರದಾ ಪರದೆಯನ್ನು ನೋಡಲಿಲ್ಲ, ತಾಯಿಯನ್ನು ನೋಡುತ್ತಿದ್ದಳು. ಶಿವಲಿಂಗವ್ವ ಮುಂದಕ್ಕೆ ಬಾಗಿದಳು. ಅವಳ ತುಟಿ ಸಣ್ಣಗೆ ಅದುರಿದವು. ಚಿತ್ರ ಮುಗಿಯಿತು.

“ಇನ್ನೊಮ್ಮೆ ಹಾಕ್ರಿ.”

ಹಾಕಿದರು.

“ಇನ್ನೊಮ್ಮೆ.”

ಮೂರನೆಯ ಸಲ ಮುಗಿದಾಗ ಅವಳು ವರದಾಳ ಕಡೆ ಹೊರಳಿದಳು. ಅವಳ ಕಣ್ಣು ಒಣಗಿದ್ದವು. “ಏನ ಅಂತಾಳ್ರಿ ಅಕ್ಕೋರ, ಇಲ್ಲಿ?”

“ಕತ್ತರಿ ಕೇಳ್ತಾಳ, ಶಿವಲಿಂಗವ್ವ,” ಎಂದಳು ವರದಾ. ಎರಡನೆಯ ಸಲ ಹೇಳುವಾಗ ಸುಳ್ಳು ಹಗುರವಾಗಿರುತ್ತದೆ ಎಂದು ಅವಳು ತಿಳಿದಿದ್ದಳು. ಹಗುರವಿರಲಿಲ್ಲ.

ಹೊಸ್ತಿಲಲ್ಲಿ ಅಮೀನಪ್ಪ ಓಣಿಯ ಕಡೆ ಮುಖ ತಿರುಗಿಸಿದ.

“ಹೌದ್ರಿ,” ಎಂದಳು ಶಿವಲಿಂಗವ್ವ ನಿಧಾನವಾಗಿ. “ಕತ್ತರಿ.”

ಅವಳು ಎಲ್ವೀರಾಗೆ ಗುಳೇದಗುಡ್ಡದ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದಳು. ಎಲ್ವೀರಾ ಅವಳ ಕೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಹಿಂತಿರುಗಿ ಮಾಳಿಗೆಯ ಮೆಟ್ಟಿಲು ಹತ್ತುವಾಗ ವರದಾಗೆ ಹೇಳಿದಳು: “ಕಾಣಲಿಲ್ಲ, ಅಲ್ಲವೇ?” ಹತ್ತು ವರ್ಷ ಚಿಕ್ಕವಳಂತೆ ಕಂಡಳು. ನಾಲ್ಕು ದಿನಕ್ಕೆ ಹೊರಟುಹೋದಳು.

ಮರುವಾರ ವರದಾ ಹನಮವ್ವನಿಗೆ ಟಿವಿಯ ವಾಯರು ಹಿಂತಿರುಗಿಸಲು ಹೋದವಳು ಅಮೀನಪ್ಪನ ಮನೆಗೂ ಹೋಗಿ ಕುಳಿತಳು. ಎರಡೂ ಮಗ್ಗ ಜೋರಾಗಿ ನಡೆದಿದ್ದವು. ಅವಳು ಸುಮ್ಮನೆ ನೋಡುತ್ತಿದ್ದಳು. ಅಮೀನಪ್ಪ ತಲೆ ಎತ್ತಿ ಹೆಂಡತಿಯ ಕಡೆ ನೋಡಿದ. ಅವನ ತುಟಿ ಆಡಿದವು, ದನಿಯಿಲ್ಲ. ಶಿವಲಿಂಗವ್ವನ ತುಟಿ ಆಡಿದವು, ದನಿಯಿಲ್ಲ. ಅವನು ಗೋಣು ಹಾಕಿ ಎದ್ದುಹೋಗಿ ಜಗಲಿಯಿಂದ ನೂಲು ಸುತ್ತಿದ ಕಂಡಿಕೆಯ ಬುಟ್ಟಿ ತಂದು ಅವಳ ಬದಿಗಿಟ್ಟು, ಮತ್ತೆ ಕುಣಿಗಿಳಿದ.

“ಹೆಂಗ ತಿಳೀತು ಅವರಿಗೆ?” ವರದಾ ಒದರಿದಳು. “ನೀವು ಮಾತಾಡಿದ್ದು ನನಗ ಕೇಳಸಲೇ ಇಲ್ಲ!”

ಶಿವಲಿಂಗವ್ವ ಲಾಳಿ ಎಳೆಯುತ್ತಲೇ, “ಮಗ್ಗದ ಮನ್ಯಾಗ ಕಿವಿಗೇನ ಕೆಲಸ್ರಿ ಅಕ್ಕೋರ? ಹುಟ್ಟಿದಾಗಿಂದ ಇದ ಸಪ್ಪಳ. ತುಟಿ ನೋಡಿದ್ರ ಮುಗೀತು. ನಮ್ಮ ಚಂದವ್ವ ಅಂತೂ ಲಂಗಾ-ಪರಕಾರ ಹಾಕಿದಾಗಿಂದ ನನ್ನ ಕೂಡ ಹಂಗ ಮಾತಾಡಾಕಿ,” ಎಂದಳು.

ಹೇಳಿ ಮುಗಿಸಿದ ಮೇಲೆ ಅವಳಿಗೂ ತಾನು ಹೇಳಿದ್ದು ತಿಳಿಯಿತು. ವರದಾಗೂ ತಿಳಿಯಿತು.

ಮಾತನ್ನು ಹೂಳಲು ಜಗತ್ತಿನ ಸದ್ದುಗಳಲ್ಲೆಲ್ಲ ಅವರು ಇದೊಂದನ್ನೇ ಆರಿಸಿಕೊಂಡಿದ್ದರು. ಇನ್ನಾವ ಸದ್ದನ್ನು ಹಾಕಿದ್ದರೂ ಆ ತಾಯಿ ಕಿವಿಗೊಟ್ಟು ಕೇಳಲು ಹೆಣಗುತ್ತಿದ್ದಳೇನೋ. ಮಗ್ಗದ ಸದ್ದು ಕೇಳಿದೊಡನೆ ಅವಳ ಕಿವಿ ತಾನಾಗಿ ಮುಚ್ಚಿ ಕಣ್ಣು ಮಗಳ ತುಟಿಗೆ ಹೋಗಿತ್ತು. ಅಪ್ಪಾ, ಎದಿ. ಅಪ್ಪಾ, ಉಸರು. ಆತಪಾ. ಮೂರು ಸಲ ಹಾಕಿಸಿ ನೋಡಿದ್ದಳು.

ಶಿವಲಿಂಗವ್ವ ಗಂಡನ ಕಡೆ ಒಮ್ಮೆ ನೋಡಿದಳು. ಅವನು ಬಾಗಿ ಕಡಿದ ಎಳೆಯೊಂದನ್ನು ಗಂಟು ಹಾಕುತ್ತಿದ್ದ. ನೆತ್ತಿಯ ಮೇಲೆ ಕೂದಲು ತೆಳ್ಳಗಾಗಿತ್ತು. ಅವಳು ವರದಾಳ ಕಡೆ ತಿರುಗಿದಳು. ಕೈ ನಿಲ್ಲಲಿಲ್ಲ, ದನಿ ಹೊರಡಲಿಲ್ಲ. ತುಟಿ ಮಾತ್ರ, ಎಳೆಯ ಮಗುವಿಗೆ ಕಲಿಸುವಂತೆ ನಿಧಾನವಾಗಿ ಆಡಿದವು.

ತುಟಿ ಓದಲು ಎಂದೂ ಕಲಿಯದ ವರದಾ ಅದನ್ನು ಓದಿದಳು. ಅವರಿಗೆ ಹೇಳಬ್ಯಾಡ್ರಿ.

ಎರಡು ಸಾವಿರದ ನಾಲ್ಕರಲ್ಲಿ ಎಲ್ವೀರಾಳ ಕಾಗದ ಬಂತು. ಅಕ್ಷರ ದೊಡ್ಡ ದೊಡ್ಡವು, ಗೆರೆ ಬಿಟ್ಟು ಇಳಿದಿದ್ದವು. ಕಣ್ಣಿನ ನಡುಭಾಗ ಹೋಗಿದೆ, ಅಂಚಿನಿಂದಷ್ಟೇ ಕಾಣುತ್ತದೆ. ಕೆಲಸ ಬಿಟ್ಟಿದ್ದೇನೆ ಎಂದು ಬರೆದಿದ್ದಳು. ಇಳಕಲ್ಲಿನ ಚಿತ್ರವನ್ನು ಒಂದು ಸಣ್ಣ ಊರಿನಲ್ಲಿ ಮಧ್ಯಾಹ್ನದ ಹೊತ್ತು ತೋರಿಸಿದರಂತೆ, ಮೂವತ್ತು ಜನ ಇದ್ದರಂತೆ. ಕೊಂಡಿ ಹಾಕುವ ಹುಡುಗಿಯ ಕೈಯಷ್ಟೇ ಇದೆ, ಮುಖ ಯಾಕಿಲ್ಲ, ಸಂಕಲನ ಮಾಡಿದವಳಿಗೆ ದಣಿವಾಗಿರಬೇಕು ಎಂದು ಒಬ್ಬ ಪತ್ರಿಕೆಯಲ್ಲಿ ಬರೆದನಂತೆ. ಆ ಮುಖವನ್ನು ಅವಳು ಚಿತ್ರದಿಂದ ಪೂರ್ತಿ ಬಿಟ್ಟಿದ್ದಳು. ಕೊನೆಯಲ್ಲಿ ಎರಡು ಸಾಲು: “ಒಂದು ಜೋಡಣೆ ಕೆಟ್ಟದ್ದಕ್ಕಾಗಿ ಮಾಡಿದೆ, ಒಂದು ಒಳ್ಳೆಯದಕ್ಕಾಗಿ. ಎರಡನೆಯದು ನಿಂತಿದೆಯೇ, ಹೇಳು. ಸತ್ಯ ಹೇಳು.”

ವರದಾ ಕಾಗದವನ್ನು ಹಿಡಿದು ಕಿಟಕಿಯ ಹತ್ತಿರ ಹೋದಳು. ಓಣಿಯ ಕೊನೆಯಿಂದ ಅಮೀನಪ್ಪನ ಮನೆಯ ಮಗ್ಗಗಳು ಕೇಳುತ್ತಿದ್ದವು. ಎರಡೂ ನಡೆದಿದ್ದವು. ಮೂರು ವರ್ಷದಲ್ಲಿ ಒಂದು ದಿನವೂ ಅವುಗಳಲ್ಲಿ ಒಂದೇ ನಡೆದದ್ದನ್ನು ಅವಳು ಕೇಳಿರಲಿಲ್ಲ. ದಿನಾಲು ಬೆಳಗ್ಗೆ ಎದ್ದು ಮೊದಲು ಎಣಿಸುತ್ತಿದ್ದದ್ದು ಅದನ್ನೇ.

ಅವಳು ಕುಳಿತು ಉತ್ತರ ಬರೆದಳು. ಕೊಂಡಿ ನಿಂತಿದೆ, ಯಾರಿಗೂ ಕಾಣಲಿಲ್ಲ. ಲಕೋಟೆ ಅಂಟಿಸುವ ಮೊದಲು ಒಂದು ಸಲ ತೆರೆದು ಓದಿದಳು, ಒಂದು ಶಬ್ದವನ್ನೂ ಬದಲಿಸಲಿಲ್ಲ. ಆ ತಾಯಿ ಮಗಳ ತುಟಿ ಓದಿದ್ದನ್ನು ಎಲ್ವೀರಾಗೆ ಹೇಳುವುದಿಲ್ಲ. ಅಮೀನಪ್ಪನಿಗೆ ಹೇಳುವುದಿಲ್ಲ. ಎಂದಾದರೂ ಬಾದಾಮಿಗೆ ಹೋದಾಗ, ಮುಖ ನೋಡಿ ಏನಾಯಿತೆಂದು ಕೇಳುವ ಅಪ್ಪನಿಗೂ ಹೇಳುವುದಿಲ್ಲ. ಯಾರಿಗೂ ಇಲ್ಲ ಎಂದು ನಿಶ್ಚಯಿಸಿ, ಲಕೋಟೆಯ ಅಂಚನ್ನು ನಾಲಿಗೆಗೆ ಒತ್ತಿದಳು.